ಚಿಪ್ ಇಲ್ಲದ ಗಾಡಿ, ಮಕ್ಕಳು ಕಟ್ಟುವ ಗೋಡೆ

ನಾನು ಮಾಡಿರುವ ಆಟಿಕೆ ಗಾಡಿಯಲ್ಲಿ ಚಿಪ್ ಇಲ್ಲ, ಪ್ರೋಗ್ರಾಮ್ ಇಲ್ಲ, ರಿಮೋಟ್ ಇಲ್ಲ. ಎರಡು ಮೋಟರ್, ನಾಲ್ಕು ಸೆಲ್, ಮೂರು ಸ್ವಿಚ್, ಒಂದು ಬಾಗಿಸಿದ ಕಡ್ಡಿ, ಅಷ್ಟೇ. ಆದರೂ ಮಕ್ಕಳು ಹಾಲ್‌ನಲ್ಲಿ ಕಟ್ಟಿದ ಮೇಜ್ (ಗೋಡೆಗಳ ನಡುವೆ ದಾರಿ ಹುಡುಕುವ ಒಗಟು) ಒಳಗೆ ಬಿಟ್ಟರೆ ಅದು ತಾನೇ ದಾರಿ ಹುಡುಕಿಕೊಂಡು ಹೊರಗೆ ಬರುತ್ತದೆ. ಪತ್ರಿಕೆಗಳ ಮಕ್ಕಳ ಪುಟದಲ್ಲಿ 'ಮೊಲಕ್ಕೆ ದಾರಿ ತೋರಿಸಿ' ಅಂತ ಬರುತ್ತಲ್ಲ, ಅಂಥ ಮೇಜ್. ಆದರೆ ಇಲ್ಲಿ ಗೋಡೆಗಳನ್ನು ಎತ್ತಿ ಬೇರೆ ಕಡೆ ನೆಡಬಹುದು. ಪ್ರತಿ ಸಲ ಹೊಸ ಮೇಜ್.

ಇದನ್ನು ಹೇಗೆ ಮಾಡಿದೆ, ಯಾಕೆ ಹೀಗೇ ಮಾಡಿದೆ ಅಂತ ಬಹಳ ಜನ ಕೇಳಿದ್ದಾರೆ. ವಿವರವಾಗಿ ಬರೆಯುತ್ತೇನೆ.

ನಾನು ಮಂಡ್ಯದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವರ್ಕ್‌ಶಾಪ್ ನೋಡಿಕೊಳ್ಳುವವಳು. ಅಣ್ಣನ ಮಗಳು ಪುಟ್ಟಿ ಆರನೇ ಕ್ಲಾಸು. ಅವಳಿಗೂ ಅವಳ ಗೆಳತಿಯರಿಗೂ ಹುಟ್ಟುಹಬ್ಬಕ್ಕೆ ರೋಬೋ ಗಾಡಿಗಳು ಬರುತ್ತಿರುತ್ತವೆ. ಗುಂಡಿ ಒತ್ತಿದರೆ ಗಾಡಿ ಓಡುತ್ತದೆ, ಗೋಡೆ ಬಂದರೆ ತಿರುಗುತ್ತದೆ. ಯಾಕೆ ತಿರುಗಿತು ಅಂತ ಕೇಳಿದರೆ ಮಕ್ಕಳು 'ಸೆನ್ಸರ್ ಇದೆ' ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ನನಗೆ ಬೇಕಿದ್ದದ್ದು ಅಲ್ಲಿಂದ ಮಾತು ಶುರುವಾಗುವ ಗಾಡಿ. ಮಗು ಅದನ್ನು ಮಗುಚಿ ಹಾಕಿ, ತಂತಿಯ ಮೇಲೆ ಬೆರಳಿಟ್ಟು, 'ಇಲ್ಲಿಂದ ಹೀಗೆ ಹೋಯ್ತು, ಅದಕ್ಕೇ ತಿರುಗಿತು' ಅಂತ ಹೇಳಬೇಕು. ಗಾಡಿ ಜಾಣ ಆಗಬೇಕಿಲ್ಲ. ಮೇಜ್ ಕಟ್ಟುವ ಮಗು ಜಾಣ ಆಗಬೇಕು.

ಗಾಡಿಗೆ ಗೊತ್ತಿರುವುದು ಒಂದೇ ನಿಯಮ. ಎಡಗಡೆ ಗೋಡೆಯನ್ನು ಬಿಡಬೇಡ. ನೀವೇ ಒಂದು ಮೇಜ್ ಒಳಗೆ ಹೊಕ್ಕು, ಎಡಗೈಯನ್ನು ಗೋಡೆಗೆ ತಾಗಿಸಿ, ಕೈ ತೆಗೆಯದೆ ನಡೆಯುತ್ತಾ ಹೋದರೆ ಹೊರಬಾಗಿಲಿಗೆ ಬಂದೇ ಬರುತ್ತೀರಿ. ಒಂದು ಷರತ್ತಿದೆ, ಅದನ್ನು ಆಮೇಲೆ ಹೇಳುತ್ತೇನೆ. ನಿಜವಾದ ಆಟ ಇರುವುದೇ ಆ ಷರತ್ತಿನಲ್ಲಿ.

ಮೊದಲು ಗಾಡಿ. ಕೆಳಗಿನ ತಟ್ಟೆ 3 ಮಿ.ಮೀ. ದಪ್ಪದ ಪಾರದರ್ಶಕ ಅಕ್ರಿಲಿಕ್, ದುಂಡಗೆ, 13 ಸೆಂ.ಮೀ. ಅಗಲ. ಪಾರದರ್ಶಕ ಯಾಕೆ ಅಂದರೆ ಒಳಗಿನ ತಂತಿಗಳು ಕಾಣಬೇಕು. ದುಂಡಗೆ ಯಾಕೆ ಅಂದರೆ ಮೂಲೆ ಇರುವ ಗಾಡಿ ತಿರುಗುವಾಗ ಆ ಮೂಲೆ ಕಂಬಕ್ಕೆ ಸಿಕ್ಕಿಕೊಳ್ಳುತ್ತದೆ. ಎರಡೂ ಚಕ್ರಗಳು ವೃತ್ತದ ನಡುಗೆರೆಯ ಮೇಲೇ ಇರಬೇಕು. ಆಗ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋದರೆ ಗಾಡಿ ಹೆಚ್ಚುಕಡಿಮೆ ನಿಂತ ಜಾಗದಲ್ಲೇ ತಿರುಗುತ್ತದೆ, ಅಕ್ಕಪಕ್ಕ ಹೆಚ್ಚು ಜಾಗ ಬೇಡ. ಮೂರನೇ ಕಾಲಿಗೆ ಒಂದು ಸಣ್ಣ ಕ್ಯಾಸ್ಟರ್ ಗಾಲಿ.

ಮೋಟರ್ ಎಲ್ಲರಿಗೂ ಗೊತ್ತಿರುವ ಹಳದಿ ಬಿ.ಓ. (ಬ್ಯಾಟರಿಯಿಂದ ಓಡುವ) ಮೋಟರ್. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಗೇರ್ ಸಮೇತ ಸಿಗುತ್ತದೆ. ಕೇಳುವಾಗ ಆರ್.ಪಿ.ಎಂ. (ನಿಮಿಷಕ್ಕೆ ಎಷ್ಟು ಸುತ್ತು) ಹೇಳಿ ಕೇಳಬೇಕು. ಜಾಸ್ತಿ ಜನ 200ರದ್ದೋ 300ರದ್ದೋ ಒಯ್ಯುತ್ತಾರೆ. ಈ ಗಾಡಿಗೆ 60ರದ್ದೇ ಸರಿ. ಅದರ ಜೊತೆಗೆ ಬರುವ ಚಕ್ರ 65 ಮಿ.ಮೀ., ಅಂದರೆ ಒಂದು ಸುತ್ತಿಗೆ ಸುಮಾರು 20 ಸೆಂ.ಮೀ. ದೂರ. ನಿಮಿಷಕ್ಕೆ 60 ಸುತ್ತು ಅಂದರೆ ಸೆಕೆಂಡಿಗೆ 20 ಸೆಂ.ಮೀ. ಮಗುವಿನ ಕಣ್ಣು ಗಾಡಿಯ ಜೊತೆ ಹೋಗುವ ವೇಗ ಅದು. 'ಈಗ ಎಡಕ್ಕೆ ಹೋಗತ್ತೆ ನೋಡು' ಅಂತ ಮೊದಲೇ ಹೇಳುವುದಕ್ಕೆ ಸಮಯ ಸಿಗಬೇಕು. ಹೇಳುವ ಮೊದಲೇ ಗಾಡಿ ತಿರುಗಿಬಿಟ್ಟರೆ ಮಗು ಸುಮ್ನೆ ನೋಡುತ್ತಾ ಕೂರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ವೈರಿಂಗ್.

ಲಿವರ್ ಇರುವ ಸಣ್ಣ ಲಿಮಿಟ್ ಸ್ವಿಚ್ ನೋಡಿರುತ್ತೀರಿ. ಮೂರು ಕಾಲು: ಕಾಮನ್, ಎನ್.ಸಿ., ಎನ್.ಓ. ಸುಮ್ಮನಿದ್ದಾಗ ಕಾಮನ್ ಎನ್.ಸಿ. ಜೊತೆ ಸೇರಿರುತ್ತದೆ. ಒತ್ತಿದರೆ ಅದನ್ನು ಬಿಟ್ಟು ಎನ್.ಓ. ಜೊತೆ ಸೇರುತ್ತದೆ. ಅಂಥ ಎರಡು ಸ್ವಿಚ್ ತೆಗೆದುಕೊಂಡು ಒಂದರ ಮೇಲೊಂದು ಇಟ್ಟು ಬೋಲ್ಟ್ ಹಾಕಿ. ಅವುಗಳ ಮೈಯಲ್ಲಿ ಬೋಲ್ಟಿಗೆ ಅಂತಲೇ ತೂತುಗಳಿರುತ್ತವೆ. ಮೊದಲನೆಯ ಸ್ವಿಚ್ಚಿನ ಕಾಮನ್ ಬಲ ಮೋಟರಿನ ಒಂದು ಕಾಲಿಗೆ, ಎರಡನೆಯದರ ಕಾಮನ್ ಇನ್ನೊಂದು ಕಾಲಿಗೆ. ಮೊದಲನೆಯದರ ಎನ್.ಸಿ. ಪ್ಲಸ್ಸಿಗೆ, ಎನ್.ಓ. ಮೈನಸ್ಸಿಗೆ. ಎರಡನೆಯದರಲ್ಲಿ ಇದರ ಉಲ್ಟಾ. ಈಗ ಎರಡನ್ನೂ ಒಟ್ಟಿಗೆ ಒತ್ತಿದರೆ ಬಲ ಮೋಟರ್ ಹಿಂದಕ್ಕೆ ತಿರುಗುತ್ತದೆ, ಬಿಟ್ಟರೆ ಮುಂದಕ್ಕೆ.

ಒಂದು ಸ್ವಿಚ್ ಕೂದಲೆಳೆಯಷ್ಟು ಮೊದಲು ಒತ್ತಿದರೆ ಶಾರ್ಟ್ ಆಗುವುದಿಲ್ಲವೇ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಆಗುವುದಿಲ್ಲ. ಆ ಕ್ಷಣದಲ್ಲಿ ಮೋಟರಿನ ಎರಡೂ ಕಾಲು ಒಂದೇ ಕಡೆ ಸೇರಿರುತ್ತವೆ. ಮೋಟರಿಗೆ ಬ್ರೇಕ್ ಬೀಳುತ್ತದೆ, ಬ್ಯಾಟರಿಗೆ ಏನೂ ಆಗುವುದಿಲ್ಲ. ಒಳ್ಳೆಯ ಪ್ರಶ್ನೆ ಅದು. ಚಿತ್ರ ಬರೆದು ತಂತಿಯ ಮೇಲೆ ಪೆನ್ಸಿಲ್ ಓಡಿಸಿದರೆ ಆರನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ.

ಎಡ ಮೋಟರಿಗೆ ಸ್ವಿಚ್ಚೇ ಇಲ್ಲ. ಅದು ಯಾವಾಗಲೂ ಮುಂದಕ್ಕೇ ತಿರುಗುತ್ತಿರುತ್ತದೆ, ಆದರೆ ನಿಧಾನವಾಗಿ. ಸಾಲಾಗಿ ಜೋಡಿಸಿದ ನಾಲ್ಕು ಡಬಲ್ ಎ ಸೆಲ್ ಅಂದರೆ 6 ವೋಲ್ಟ್. ಬಲ ಮೋಟರಿಗೆ ಪೂರ್ತಿ 6 ವೋಲ್ಟ್. ಎಡದ್ದಕ್ಕೆ ಎರಡನೇ ಸೆಲ್ಲಿನ ನಂತರ ಒಂದು ತಂತಿ ಎಳೆದು 3 ವೋಲ್ಟ್ ಮಾತ್ರ. ಹೀಗಾಗಿ ಬಲ ಚಕ್ರ ಜೋರು, ಎಡ ಚಕ್ರ ನಿಧಾನ. ಏನೂ ತಾಗದಿದ್ದರೆ ಗಾಡಿ ತಾನಾಗಿಯೇ ಎಡಕ್ಕೆ ವಾಲುತ್ತಾ ಹೋಗುತ್ತದೆ, ಗೋಡೆಯನ್ನು ಹುಡುಕಿಕೊಂಡು. ಗೋಡೆ ತಾಗಿತೋ, ಸ್ವಿಚ್ ಒತ್ತುತ್ತದೆ, ಬಲ ಚಕ್ರ ಹಿಂದಕ್ಕೆ ತಿರುಗುತ್ತದೆ, ಗಾಡಿ ಬಲಕ್ಕೆ ಸರಿಯುತ್ತದೆ. ತಾಗುವುದು ತಪ್ಪಿದ ಕೂಡಲೇ ಮತ್ತೆ ಎಡಕ್ಕೆ. ಹೀಗೆ ತಾಗುತ್ತಾ ಬಿಡುತ್ತಾ ಗೋಡೆಯುದ್ದಕ್ಕೂ ಸಾಗುತ್ತದೆ. ಎಡಗಡೆ ಗೋಡೆ ಮುಗಿದು ದಾರಿ ತೆರೆದುಕೊಂಡರೆ ಅದೇ ವಾಲಿಕೆಯಲ್ಲಿ ಎಡಕ್ಕೆ ಹೊರಳುತ್ತದೆ. ಎದುರಿಗೆ ಗೋಡೆ ಬಂದರೆ ಬಲಕ್ಕೆ ತಿರುಗುತ್ತದೆ. ಮುಚ್ಚಿದ ದಾರಿಗೆ ಹೊಕ್ಕರೆ ಬಲಕ್ಕೆ, ಇನ್ನೂ ಬಲಕ್ಕೆ ತಿರುಗಿ ವಾಪಸ್ ಬರುತ್ತದೆ. ಎಡಗೈ ನಿಯಮ ಅಂದರೆ ಇಷ್ಟೇ ಅಲ್ವಾ? ಅದನ್ನು ಯಾರೂ ಗಾಡಿಗೆ ಹೇಳಿಕೊಡಲಿಲ್ಲ. ತಂತಿ ಜೋಡಿಸಿದ ರೀತಿಯಲ್ಲೇ ಅದು ಇದೆ.

ಗೋಡೆ ಮುಟ್ಟುವುದಕ್ಕೆ ಹಳೇ ಕೊಡೆಯ ಕಡ್ಡಿ ಹಾಕಿದ್ದೇನೆ. ಹಗುರ, ಬಾಗಿದರೆ ಮತ್ತೆ ನೆಟ್ಟಗಾಗುತ್ತದೆ. ಅದನ್ನು ಗಾಡಿಯ ಮುಂಭಾಗದಿಂದ ಎಡ ಪಕ್ಕದವರೆಗೆ ಬಿಲ್ಲಿನ ಹಾಗೆ ಬಾಗಿಸಿ ಸ್ವಿಚ್ಚುಗಳ ಲಿವರಿಗೆ ಕಟ್ಟಿದರೆ ಎದುರಿನ ಗೋಡೆಯೂ ಎಡಗಡೆ ಗೋಡೆಯೂ ಅದಕ್ಕೇ ತಾಗುತ್ತವೆ. ಕಡ್ಡಿ ಉದ್ದವಿದ್ದಷ್ಟೂ ಸ್ವಿಚ್ ಒತ್ತಲು ಕಡಿಮೆ ಬಲ ಸಾಕು. ಇದು ಮುಖ್ಯ, ಯಾಕೆಂದರೆ ನಮ್ಮ ಗೋಡೆಗಳು ಕಾಗದದವು.

ಗೋಡೆಗೆ ಮದುವೆ ಕಾರ್ಡುಗಳಿಗಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ. ದಪ್ಪ, ಬಿರುಸು, ಬಣ್ಣಬಣ್ಣ. ಬಿಸಾಕಲು ಮನಸ್ಸು ಬಾರದೆ ಎಲ್ಲರ ಮನೆಯ ಬೀರುವಿನಲ್ಲೂ ಒಂದು ಕಟ್ಟು ಇದ್ದೇ ಇರುತ್ತದೆ. ಎರಡನ್ನು ಅಂಟಿಸಿ, 7 ಸೆಂ.ಮೀ. ಎತ್ತರಕ್ಕೆ ಕತ್ತರಿಸಿದರೆ ಗೋಡೆ ತಯಾರು. ನಮ್ಮ ಮನೆಯ ನೆಲಕ್ಕೆ ಎರಡು ಅಡಿ ಚೌಕದ ಟೈಲ್ಸ್. ಹಾಗಾಗಿ ಮೇಜ್‌ನ ಒಂದು ಮನೆಗೆ, ಅಂದರೆ ಒಂದು ಚೌಕಕ್ಕೆ, ಒಂದು ಅಡಿ ಅಂತ ಇಟ್ಟುಕೊಂಡೆ. ಒಂದು ಟೈಲ್ಸಿನಲ್ಲಿ ಸರಿಯಾಗಿ ನಾಲ್ಕು ಮನೆ. ಅಳತೆಗೆ ಟೇಪು ಬೇಡ, ಟೈಲ್ಸಿನ ಗೆರೆಯೇ ಸಾಕು. 13 ಸೆಂ.ಮೀ. ಗಾಡಿಗೆ 30 ಸೆಂ.ಮೀ. ದಾರಿ ಧಾರಾಳ.

ಕಂಬಗಳನ್ನು ಮಾತ್ರ ಕಾಗದದಲ್ಲಿ ಮಾಡಬೇಡಿ. ಇಡೀ ಮೇಜ್ ನಿಲ್ಲುವುದು ಕಂಬದ ಮೇಲೆ. ನಾನು ಚನ್ನಪಟ್ಟಣಕ್ಕೆ ಹೋದೆ, ಮಂಡ್ಯದಿಂದ ರೈಲಿನಲ್ಲಿ ಹತ್ತಿರವೇ. ಅಲ್ಲಿ ಆಟಿಕೆ ಕಡೆಯುವ ಒಬ್ಬರು ಪರಿಚಯ. ಆಲೆಮರದಲ್ಲಿ ಬೆರಳುದ್ದದ ಕಂಬ, ನಾಲ್ಕು ಕಡೆ ಗೋಡೆ ತೂರಿಸಲು ಗೀರು ಬೇಕು ಅಂದೆ. "ದುಂಡಗೆ ಕಡೆಯೋದು ಒಂದು ನಿಮಿಷದ ಕೆಲಸ ಮೇಡಂ, ಗೀರು ಸೀಳೋದೇ ಕಷ್ಟ" ಅಂದರು. ಗೀರುಗಳು ಒಂದಕ್ಕೊಂದು ಸರಿಯಾಗಿ ಕಾಲು ಸುತ್ತಿನಲ್ಲಿ ಬೀಳದಿದ್ದರೆ ಗೋಡೆ ಓರೆಯಾಗುತ್ತದೆ. ಅದಕ್ಕಾಗಿ ಅವರೇ ಮರದ ತುಂಡೊಂದರಲ್ಲಿ ಅಚ್ಚು ಮಾಡಿಕೊಂಡರು. ಕಂಬವನ್ನು ಅದರಲ್ಲಿ ಕೂರಿಸಿ, ಕಾಲು ಸುತ್ತು ತಿರುಗಿಸಿ ಗರಗಸ ಎಳೆಯುವುದು.

ಅವರು ಬಣ್ಣ ಹಾಕುವುದನ್ನು ಎಷ್ಟು ನೋಡಿದರೂ ನನಗೆ ಸಾಕಾಗುವುದಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ಕೊಡುತ್ತಾರೆ. ಕುಂಚವಿಲ್ಲ, ಒಣಗಲಿ ಅಂತ ಕಾಯುವುದೂ ಇಲ್ಲ. ಆಲೆಮರ ಹಗುರ, ಅದಕ್ಕೆ ಕಂಬದ ಬುಡದಲ್ಲಿ ತೂತು ಕೊರೆದು ಒಂದೊಂದು ಕಬ್ಬಿಣದ ನಟ್ಟು ಕೂರಿಸಿದ್ದೇವೆ. ಈಗ ಗಾಡಿ ತಾಗಿದರೂ ಕಂಬ ಜಗ್ಗುವುದಿಲ್ಲ.

ಇನ್ನು ಮೇಜ್ ಕಟ್ಟುವ ವಿದ್ಯೆ. ಐದು ಮನೆ ಉದ್ದ, ಐದು ಮನೆ ಅಗಲ, ಒಟ್ಟು 25 ಮನೆ ಅಂತ ಇಟ್ಟುಕೊಳ್ಳಿ. ಕಂಬಗಳು 36. ಅದರಲ್ಲಿ 20 ಅಂಚಿನಲ್ಲಿ, 16 ಒಳಗೆ. ಅಂಚಿನ ಗೋಡೆ ಕಟ್ಟಿ, ಹೊರಗೆ ಹೋಗಲು ಒಂದು ಬಾಗಿಲು ಬಿಡಿ. ಈಗ ಒಳಗಿನ ಒಂದೊಂದು ಕಂಬಕ್ಕೂ ಒಂದೊಂದೇ ಗೋಡೆ. ಆ ಗೋಡೆಯ ಇನ್ನೊಂದು ತುದಿ ಅಂಚನ್ನಾದರೂ ಮುಟ್ಟಬೇಕು, ಇಲ್ಲವೇ ಈಗಾಗಲೇ ಅಂಚಿಗೆ ಸೇರಿಕೊಂಡಿರುವ ಕಂಬವನ್ನಾದರೂ ಮುಟ್ಟಬೇಕು. 16 ಕಂಬ, 16 ಗೋಡೆ. ಇಷ್ಟು ಮಾಡಿದರೆ ಯಾವ ಮನೆಯೂ ಮುಚ್ಚಿಹೋಗುವುದಿಲ್ಲ. ಯಾವ ಎರಡು ಮನೆ ತೆಗೆದುಕೊಂಡರೂ ಅವುಗಳ ನಡುವೆ ಒಂದೇ ಒಂದು ದಾರಿ ಇರುತ್ತದೆ. ಹೇಗೆ ಬೇಕಾದರೂ ಕಟ್ಟಿ, ಕಣ್ಣು ಮುಚ್ಚಿಕೊಂಡು ಕಟ್ಟಿ, ಇದು ತಪ್ಪುವುದಿಲ್ಲ. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿ ನಂಬಿಸಲು ಆಗುವುದಿಲ್ಲ. ಕಟ್ಟಿ, ಕೆಡವಿ, ಮತ್ತೆ ಕಟ್ಟಿ, ಗಾಡಿ ಪ್ರತಿ ಸಲ ಹೊರಗೆ ಬರುವುದನ್ನು ನೋಡಿದ ಮೇಲೆ 'ಯಾಕೆ?' ಅನ್ನುತ್ತಾರೆ. ಆ 'ಯಾಕೆ'ಗಾಗಿಯೇ ನಾನು ಇಷ್ಟೆಲ್ಲಾ ಮಾಡಿದ್ದು.

ನಿಯಮ ಗೊತ್ತಾದ ಮೇಲೆ ಮಕ್ಕಳು ಗಾಡಿಯನ್ನು ಸೋಲಿಸಲು ಹೊರಡುತ್ತಾರೆ. ಪುಟ್ಟಿ ಒಂದು ದಿನ ನಡುವಿನ ನಾಲ್ಕು ಕಂಬಗಳನ್ನು ಅಂಚಿಗೆ ಸೇರಿಸದೆ, ಅವುಗಳಲ್ಲೇ ಗೋಡೆ ಕಟ್ಟಿಕೊಂಡಳು. ಆ ಗೋಡೆಯ ಪಕ್ಕ ಗಾಡಿ ಇಟ್ಟಳು. ಗಾಡಿ ಅದರ ಸುತ್ತ ಹೋಯಿತು, ಮತ್ತೆ ಹೋಯಿತು.

"ಅತ್ತೆ, ಬಾ ಇಲ್ಲಿ! ಪ್ರದಕ್ಷಿಣೆ ಹಾಕ್ತಿದೆ!"

ನಾನು ಹೇಳಿದ ಷರತ್ತು ಇದೇ. ಕೈ ಇಟ್ಟ ಗೋಡೆ ಅಂಚಿನ ಗೋಡೆಗೆ ಸೇರಿರಬೇಕು. ಸೇರದ ಗೋಡೆ ಒಂದು ದ್ವೀಪ. ಅಲ್ಲಿ ಎಡಗೈ ನಿಯಮ ಹಿಡಿದು ಹೊರಟವರು ಸುತ್ತುತ್ತಲೇ ಇರುತ್ತಾರೆ.

ಪುಟ್ಟಿ ಕಂಡುಕೊಂಡ ಇದೇ ವಿಷಯ ಹಿಂದೆ ದೊಡ್ಡವರ ಒಂದು ಸ್ಪರ್ಧೆಯ ನಿಯಮವನ್ನೇ ಬದಲಿಸಿತ್ತು. 1977ರಲ್ಲಿ ಅಮೆರಿಕದ ಐ.ಟ್ರಿಪಲ್ ಇ. ಸ್ಪೆಕ್ಟ್ರಮ್ ಪತ್ರಿಕೆ 'ಮೈಕ್ರೋಮೌಸ್' ಅಂತ ಒಂದು ಸ್ಪರ್ಧೆ ಘೋಷಿಸಿತು. ತಾನೇ ಮೇಜ್ ಬಿಡಿಸುವ ಯಂತ್ರದ ಇಲಿ ಮಾಡಬೇಕು. 1979ರಲ್ಲಿ ನ್ಯೂಯಾರ್ಕಿನಲ್ಲಿ ಫೈನಲ್. ಅಲ್ಲಿ ಹೊರಬಾಗಿಲು ಅಂಚಿನಲ್ಲಿತ್ತು. ದಾರಿಯನ್ನು ನೆನಪಿಟ್ಟುಕೊಳ್ಳುವ ಜಾಣ ಇಲಿಗಳ ನಡುವೆ, ಏನನ್ನೂ ನೆನಪಿಡದೆ ಸುಮ್ನೆ ಗೋಡೆ ಹಿಡಿದು ಜೋರಾಗಿ ಓಡುವ ಯಂತ್ರ ಮುಂದೆ ಬಂತು. ಮರುವರ್ಷ ಲಂಡನ್ನಿನಲ್ಲಿ ಯುರೋಪಿನ ಸ್ಪರ್ಧೆ ನಡೆಸಿದ ಜಾನ್ ಬಿಲಿಂಗ್ಸ್ಲಿ ಗುರಿಯನ್ನು ಮೇಜ್‌ನ ನಟ್ಟನಡುವೆ ಇಟ್ಟರು. ಗುರಿಯ ಸುತ್ತ ದ್ವೀಪವಿದ್ದರೆ ಗೋಡೆ ಹಿಡಿದವನಿಗೆ ಅದು ಸಿಗುವುದೇ ಇಲ್ಲ. ಇವತ್ತಿಗೂ ಮೈಕ್ರೋಮೌಸ್‌ನಲ್ಲಿ ಗುರಿ ನಡುವೆಯೇ. ಉದ್ದಕ್ಕೂ ಅಗಲಕ್ಕೂ 16 ಮನೆ, ಒಂದೊಂದು ಮನೆ 18 ಸೆಂ.ಮೀ. ಇದನ್ನು ಹೇಳಿದಾಗ ಪುಟ್ಟಿಯ ಮುಖ ನೋಡಬೇಕಿತ್ತು. ತಾನು ಕಂಡುಕೊಂಡದ್ದನ್ನು ಲಂಡನ್ನಿನಲ್ಲಿ ಯಾರೋ ಪ್ರೊಫೆಸರ್ ಕೂಡ ಯೋಚಿಸಿದ್ದರು ಅಂದರೆ ಯಾವ ಮಗುವಿಗೆ ಖುಷಿಯಾಗಲ್ಲ?

ಅದಕ್ಕೂ ಹಿಂದೆ, 1950ರಲ್ಲಿ, ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಗಣಿತಜ್ಞ ಕ್ಲಾಡ್ ಶಾನನ್ ಒಂದು ಇಲಿ ಮಾಡಿದ್ದರು. ಹೆಸರು ಥೀಸಿಯಸ್. ಅವರದ್ದೂ 25 ಮನೆಯ ಮೇಜ್, ಗೋಡೆಗಳನ್ನು ಕಿತ್ತು ಬೇರೆ ಕಡೆ ನೆಡಬಹುದಿತ್ತು. ನನಗೆ ಅದರಲ್ಲಿ ಬಹಳ ಹಿಡಿಸುವುದು ಏನೆಂದರೆ, ಇಲಿಯೊಳಗೆ ಒಂದು ಅಯಸ್ಕಾಂತ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ನೆಲದ ಕೆಳಗೆ ಒಂದು ವಿದ್ಯುತ್ ಅಯಸ್ಕಾಂತ ಓಡಾಡಿ ಇಲಿಯನ್ನು ಎಳೆಯುತ್ತಿತ್ತು. ಆಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇರುತ್ತಿದ್ದಂಥ ರಿಲೇಗಳು (ವಿದ್ಯುತ್ತಿನಿಂದ ತಾವೇ ಆನ್-ಆಫ್ ಆಗುವ ಸ್ವಿಚ್ಚುಗಳು) ಒಂದೊಂದು ಮನೆಯಿಂದ ಇಲಿ ಕೊನೆಗೆ ಯಾವ ಕಡೆ ಹೊರಟಿತು ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತಿದ್ದವು. ಎರಡನೇ ಸಲ ಬಿಟ್ಟರೆ ಇಲಿ ಎಲ್ಲೂ ಎಡವದೆ ನೇರ ಗುರಿಗೆ. ಬುದ್ಧಿ ಇದ್ದದ್ದು ಇಲಿಯಲ್ಲಿ ಅಲ್ಲ, ಮೇಜ್‌ನಲ್ಲಿ. ನನ್ನ ಆಟಿಕೆಯಲ್ಲಿ ರಿಲೇಗಳ ಕೆಲಸವನ್ನು ಮಕ್ಕಳು ಮಾಡುತ್ತಾರೆ. ಗಾಡಿ ಯಾವ ಮನೆಯಿಂದ ಯಾವ ಕಡೆ ಹೊರಟಿತು ಅಂತ ಚೌಕುಳಿ ಹಾಳೆಯಲ್ಲಿ ಬಾಣ ಗುರುತು ಹಾಕುತ್ತಾರೆ. ಹೋಗಿ ವಾಪಸ್ ಬಂದ ದಾರಿಗಳನ್ನು ಅಳಿಸುತ್ತಾರೆ. ಉಳಿದದ್ದೇ ನೇರ ದಾರಿ.

ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಚಕ್ರವ್ಯೂಹದ ಕೆತ್ತನೆ ಹುಡುಕಿ ನೋಡಿ. ಮಕ್ಕಳ ಜೊತೆ ಅದರ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸಿ. ಅದರಲ್ಲಿ ಕವಲು ಇಲ್ಲ. ಸುತ್ತಿ ಸುತ್ತಿ ಒಳಗೆ ಹೋಗುವ ಒಂದೇ ದಾರಿ. ನಮ್ಮ ಗಾಡಿಗೆ ಅದು ತುಂಬಾ ಸುಲಭದ ಮೇಜ್.

ಗಾಡಿ ಹೊರಗೆ ಬಂದ ಮೇಲೆ ನಿಲ್ಲುವುದು ಹೇಗೆ? ಗಾಡಿಯ ಮೇಲೆ ಒಂದು ಟಾಗಲ್ ಸ್ವಿಚ್ ಇದೆ. ಬಾಗಿಲಿಗೆ ಅಡ್ಡ ಒಂದು ಪಟ್ಟಿ ಕಟ್ಟಿದ್ದೇವೆ. ಗಾಡಿ ಕೆಳಗೆ ತೂರಿದಾಗ ಪಟ್ಟಿ ಸ್ವಿಚ್ಚನ್ನು ಹಿಂದಕ್ಕೆ ತಳ್ಳಿ ಆಫ್ ಮಾಡುತ್ತದೆ. ಇದು ಪುಟ್ಟಿಯ ಗೆಳತಿಯ ಐಡಿಯಾ, ನನ್ನದಲ್ಲ. ನಾನು ಅಯಸ್ಕಾಂತ, ಅದು ಹತ್ತಿರ ಬಂದರೆ ಕೆಲಸ ಮಾಡುವ ರೀಡ್ ಸ್ವಿಚ್ ಅಂತೆಲ್ಲಾ ಯೋಚಿಸುತ್ತಿದ್ದೆ. ಇದೇ ಚೆನ್ನಾಗಿದೆ.

ಮಾಡುವವರಿಗೆ ಎರಡು ಮಾತು. ಮೊದಲೆರಡು ಸೆಲ್‌ಗಳ ಮೇಲೆ ಎರಡೂ ಮೋಟರಿನ ಭಾರ ಬೀಳುವುದರಿಂದ ಅವು ಬೇಗ ಇಳಿಯುತ್ತವೆ. ಆಗಾಗ ಸೆಲ್‌ಗಳ ಜಾಗ ಅದಲುಬದಲು ಮಾಡಿ. ಜಾಸ್ತಿ ಹೊತ್ತು ಓಡಲಿ ಅಂತ ಲ್ಯಾಪ್‌ಟಾಪಿನಿಂದ ಕಿತ್ತ ಲಿಥಿಯಂ ಸೆಲ್ ಹಾಕಬೇಡಿ, ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ, ಮಕ್ಕಳ ಕೈಗೆ ಅದು ಬೇಡವೇ ಬೇಡ. ಮಾರುವ ಯೋಚನೆ ಇರುವವರಿಗೆ: 2021ರ ಜನವರಿಯಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ವಿದ್ಯುತ್ ಆಟಿಕೆಗಳಿಗೆ ಐ.ಎಸ್. 15644 ಅನ್ನುವ ಮಾನದಂಡವಿದೆ, ಅದನ್ನು ಮೊದಲು ಓದಿಕೊಳ್ಳಿ. ನಾನು ಮಾರುತ್ತಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಅಂತಲೇ ಬರೆಯುತ್ತಿದ್ದೇನೆ.

ದ್ವೀಪದ ಸಮಸ್ಯೆ ಮಾತ್ರ ಪುಟ್ಟಿಯನ್ನು ಬಿಡಲಿಲ್ಲ. ಅಲ್ಲಿಂದ ಗಾಡಿಯನ್ನು ಬಿಡಿಸುವುದು ಹೇಗೆ ಅಂತ ಕೇಳುತ್ತಲೇ ಇದ್ದಳು. ಇದಕ್ಕೆ ಉತ್ತರ ಕೊಟ್ಟವನೂ ಒಬ್ಬ ಹುಡುಗನೇ. ಇಂಗ್ಲೆಂಡಿನ ಎಕ್ಸೆಟರ್ ಊರಿನ ಜಾನ್ ಪ್ಲೆಡ್ಜ್, ಆಗ ಅವನಿಗೆ 12 ವರ್ಷ. ಅವನ ಉಪಾಯ ಹೀಗೆ. ಮೊದಲು ಒಂದು ದಿಕ್ಕು ಆರಿಸಿಕೊಂಡು ನೇರ ಹೋಗು. ಗೋಡೆ ಅಡ್ಡ ಬಂದರೆ ಅದನ್ನು ಹಿಡಿದುಕೊಂಡು ನಡೆ, ಆದರೆ ತಿರುವುಗಳನ್ನು ಎಣಿಸುತ್ತಾ ನಡೆ. ಬಲಕ್ಕೆ ತಿರುಗಿದರೆ ಒಂದು ಕೂಡು, ಎಡಕ್ಕೆ ತಿರುಗಿದರೆ ಒಂದು ಕಳೆ. ಲೆಕ್ಕ ಸೊನ್ನೆಗೆ ಬಂದಾಗ ಗೋಡೆ ಬಿಟ್ಟು ಮತ್ತೆ ನೇರ ಹೋಗು. ಮುಖ ಮೊದಲಿನ ದಿಕ್ಕಿಗೆ ತಿರುಗಿದರೆ ಸಾಲದು, ಲೆಕ್ಕವೂ ಸೊನ್ನೆ ಆಗಬೇಕು. ಒಳಗಿನಿಂದ ಹೊರಗೆ ಬರಲು ಇದು ಎಲ್ಲಾ ಮೇಜ್‌ನಲ್ಲೂ ಸಾಕು. ಹೊರಗಿನಿಂದ ನಡುವಿನ ಗುರಿಗೆ ಹೋಗಲು ಮಾತ್ರ ಆಗುವುದಿಲ್ಲ.

ನಾವಿಬ್ಬರೂ ಹಾಲ್‌ನಲ್ಲಿ ನಡೆದೇ ಇದನ್ನು ನೋಡಿದೆವು. ದಿಂಬುಗಳ ದ್ವೀಪ ಮಾಡಿ, ಅವಳು ನಡೆದಳು, ನಾನು ಎಣಿಸಿದೆ. ಆಮೇಲೆ ಅವಳು ಕೇಳಿದಳು, "ಅತ್ತೆ, ನಮ್ಮ ಗಾಡಿ ಹೆಂಗೆ ಎಣ್ಸತ್ತೆ?"

"ಎಣಿಸಲ್ಲ ಪುಟ್ಟಿ. ಅದಕ್ಕೆ ನೆನಪು ಇಲ್ಲ."

"ನೆನಪು ಇರೋದು ಏನು ಹಾಕ್ಬೇಕು?"

ಈಗ ಚಿಪ್ ತರಬಹುದು. ಡಬ್ಬದ ಮೇಲೆ ಬರೆದಿದೆ ಅಂತಲ್ಲ, ಅವಳ ಗಾಡಿಗೆ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳುವ ಜಾಗ ಬೇಕಾಗಿದೆ ಅಂತ. ಎಸ್.ಪಿ. ರೋಡಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗುತ್ತೇನೆ. ಪಟ್ಟಿಯನ್ನು ಅವಳೇ ಬರೆದಿದ್ದಾಳೆ: ಒಂದು ಆರ್ಡುಯಿನೋ ನ್ಯಾನೋ (ಪ್ರೋಗ್ರಾಮ್ ಹಾಕಬಹುದಾದ ಸಣ್ಣ ಚಿಪ್ ಬೋರ್ಡ್), ಅದರ ಮಾತಿನಂತೆ ಮೋಟರ್ ಓಡಿಸುವ ಒಂದು ಮೋಟರ್ ಡ್ರೈವರ್, ಚಕ್ರದ ಸುತ್ತು ಎಣಿಸುವುದಕ್ಕೆ ಎರಡು ಎನ್‌ಕೋಡರ್. ಹಳೇ ಗಾಡಿಯನ್ನು ಬಿಚ್ಚಕೂಡದು ಅಂತಲೂ ಹೇಳಿದ್ದಾಳೆ. ಎರಡನ್ನೂ ಒಂದೇ ಮೇಜ್‌ನಲ್ಲಿ ಬಿಟ್ಟು ನೋಡಬೇಕಂತೆ.